ಹಗೇವು ಇಲ್ಲದ ಸುಗ್ಗಿ

ನಮ್ಮ ಪಾವಗಡದಲ್ಲಿ ಬಿಸಿಲು ಬೆಳೆಯೋಕೆ ಶುರು ಮಾಡಿದ್ದು 2018ರಲ್ಲಿ. ಬಿಸಿಲಿನಿಂದ ಕರೆಂಟು ಮಾಡುವ ಸೋಲಾರ್ ಪಾರ್ಕು ಅದು. ತಿರುಮಣಿ, ವಳ್ಳೂರು, ಬಳಸಮುದ್ರದ ಕಡೆ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರು. ಬರಗಾಲಕ್ಕೆ ಹೆದರದ ಬೆಳೆ ಇದೊಂದೇ. ಮೋಡ ಕಂಡರೆ ಮಾತ್ರ ಮುಖ ಸಣ್ಣದಾಗುತ್ತದೆ.

ಸುಗ್ಗಿ ಏನೋ ಆಯಿತು. ಬೆಳೆದ ಕರೆಂಟು ಕೂಡಿಡುವ ಹಗೇವು ಎಲ್ಲಿ?

ಈಗಿನ ಮಕ್ಕಳಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ರಾಗಿ ತುಂಬಲು ನೆಲದೊಳಗೆ ತೋಡಿದ ಗುಂಡಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ವರ್ಷಗಟ್ಟಲೆ ರಾಗಿ ಕೆಡುತ್ತಿರಲಿಲ್ಲ. ನಮ್ಮಜ್ಜ ಶಾಲೆ ಮೆಟ್ಟಿಲು ಹತ್ತಿದವನಲ್ಲ. ಆದರೂ ಕಣಕ್ಕೆ ಮುಂಚೆ ಹಗೇವು ನೋಡುತ್ತಿದ್ದ. ಬಾಯಿ ತೆಗೆದ ತಕ್ಷಣ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಸಿ ಒಳಗಿನ ಗಾಳಿ ಪರೀಕ್ಷೆ ಮಾಡುತ್ತಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಅಂತ ನಗುತ್ತೇವಲ್ಲ, ಇಲ್ಲಿ ಕೂಸು ಶಾಲೆಗೆ ಹೋಗುವಷ್ಟು ದೊಡ್ಡದಾದರೂ ಕುಲಾವಿಗೆ ಬಟ್ಟೆ ಆರಿಸುತ್ತಿದ್ದಾರೆ.

ಮಧ್ಯಾಹ್ನ ಹನ್ನೆರಡಕ್ಕೆ ಕರೆಂಟು ಕಣದ ತುಂಬ ರಾಶಿ. ಕರೆಂಟು ಹಂಚುವ ತಂತಿ ಜಾಲ, ಅಂದರೆ ಗ್ರಿಡ್ಡು, ಸದಾ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸಲ ಮಿಡಿಯುತ್ತಿರಬೇಕು, ಕರೆಂಟು ಜಾಸ್ತಿ ಆದರೂ ಕಷ್ಟ. ಕಲ್ಲಿದ್ದಲಿನ ಘಟಕವನ್ನು ಸೀಮೆಎಣ್ಣೆ ಸ್ಟೌವಿನ ಹಾಗೆ ತಟ್ಟನೆ ಸಣ್ಣ ಮಾಡೋಕಾಗಲ್ಲ. ಹಾಗಾಗಿ ಬಿಸಿಲಿಗೇ "ಸ್ವಲ್ಪ ಕಡಿಮೆ ಬೆಳಿ" ಅನ್ನುವ ದಿನವೂ ಬರುತ್ತದೆ. ಸಂಜೆ ಏಳಕ್ಕೆ ಮನೆ ಮನೆಯಲ್ಲೂ ಸ್ವಿಚ್ಚು. ಕಣ ಖಾಲಿ. ಆಗ ಕರೆಂಟಿನ ಸಂತೆಗೆ ಓಡಬೇಕು, ಯೂನಿಟ್ಟಿಗೆ ಹತ್ತು ರೂಪಾಯಿ ಅಂದರೂ ಕೊಳ್ಳಬೇಕು.

ಶರಾವತಿಯಲ್ಲಿ ಒಂದು ಹಗೇವು ತೋಡುವ ಯೋಚನೆ ಇದೆ, 2,000 ಮೆಗಾವ್ಯಾಟಿನದು. ಕರೆಂಟು ಜಾಸ್ತಿ ಇದ್ದಾಗ ಕೆಳಗಿನ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಳಕಳಲೆಗೆ ಹತ್ತಿಸಿ, ಬೇಕಾದಾಗ ಇಳಿಸಿ ಕರೆಂಟು ಮಾಡುವುದು. ನೂರು ಯೂನಿಟ್ ತಿಂದು ಎಪ್ಪತ್ತೈದೋ ಎಂಬತ್ತೋ ವಾಪಸ್. ಇರಲಿ, ಇಲಿಗೆ ಹೋಗುವ ರಾಗಿ ಅಂದುಕೊಳ್ಳೋಣ. ಆದರೆ ಅದು ಸಿಂಗಳೀಕಗಳ ಕಾಡು. ಬಿಸಿಲು ಪಾವಗಡದ್ದು, ಗುಂಡಿ ಸಿಂಗಳೀಕನ ಮನೆ ಅಂಗಳದಲ್ಲಿ!

ಹೋದ ಬೇಸಿಗೆಯಲ್ಲಿ ಕರೆಂಟು ಕೂಡಿಡುವ ಬಗ್ಗೆ ಭಾಷಣ ಇತ್ತು. ಸುಮ್ನೆ ಹೋಗಿದ್ದೆ. ತಜ್ಞರೊಬ್ಬರು ಮೆಗಾವ್ಯಾಟ್ ಬೇರೆ, ಮೆಗಾವ್ಯಾಟ್ ಅವರ್ ಬೇರೆ, ಮೊದಲನೆಯದು ಕರೆಂಟು ಹರಿಯುವ ವೇಗ, ಎರಡನೆಯದು ಕೂಡಿಟ್ಟ ಒಟ್ಟು ರಾಶಿ ಅಂತ ಬೆವರು ಸುರಿಸುತ್ತಿದ್ದರು. ಪಕ್ಕದ ರೈತ ಮೆಲ್ಲಗೆ, "ಒಂದು ಹಗೇವಿನ ಬಾಯಿ, ಇನ್ನೊಂದು ಹೊಟ್ಟೆ, ಅಲ್ವಾ?" ಅಂದ. ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಮಾತ್ರ ಆರಲಿಲ್ಲ. ಮೂಲೆಯಲ್ಲಿ ಯುಪಿಎಸ್ ಇತ್ತು.

ಕೂಡಿಡುವ ಕೆಲಸ ಜನ ಯಾವತ್ತೋ ಮಾಡಿ ಮುಗಿಸಿದ್ದಾರೆ ನೋಡಿ. ಮೆಟ್ಟಿಲ ಕೆಳಗೆ, ದೇವರ ಮನೆ ಪಕ್ಕ, ಝೆರಾಕ್ಸ್ ಅಂಗಡಿಯ ಸ್ಟೂಲಿನಡಿ, ಎಲ್ಲೆಲ್ಲೂ ಸೀಸದ ಬ್ಯಾಟರಿ. ದುಡ್ಡು ನಮ್ಮದು, ಡಿಸ್ಟಿಲ್ಡ್ ವಾಟರ್ ನಮ್ಮದು. ತಮಾಷೆ ಏನೆಂದರೆ, ಸಂಜೆ ಹೋದ ಕರೆಂಟು ಒಂಬತ್ತಕ್ಕೆ ಬಂದ ಕೂಡಲೇ ಇವೆಲ್ಲ ಒಟ್ಟಿಗೆ ಬಾಯಿ ತೆರೆಯುತ್ತವೆ. ಬಿಸಿಲಲ್ಲಿ ತುಂಬಬೇಕಾದ ಹಗೇವನ್ನು ರಾತ್ರಿ ಸಂತೆಯ ರಾಗಿ ತಂದು ತುಂಬುತ್ತಿದ್ದೇವೆ.

ಕೊನೆಗೆ ಪ್ರಶ್ನೆ ಕೇಳಿ ಅಂದರು. ಅದೇ ರೈತ ಎದ್ದ. "ಸ್ವಾಮಿ, ನಮ್ಮೂರಿಗೆ ಹಗೇವು ಯಾವಾಗ?"

"ಡಿಪಿಆರ್, ಅಂದ್ರೆ ಯೋಜನೆಯ ವಿವರ ವರದಿ, ಆಗ್ತಿದೆ."

"ಅದನ್ನ ಎಲ್ಲಿ ತುಂಬಿಡ್ತೀರಿ?"

ಯುಪಿಎಸ್ ಕುಯ್ ಅನ್ನತೊಡಗಿತು. ಊಟಕ್ಕೆ ಬಿಟ್ಟರು.