ಫ್ಲೆಕ್ಸ್ ಬಿಳಿಚಿದ ಮೇಲೆ ಬಂದ ಮೇಯರ್

ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ. ಕ್ಷೇಮ ಸಮಾಚಾರ ಎರಡು ನಿಮಿಷ, ಬೆಂಗಳೂರಿನ ಗೋಳು ಇಪ್ಪತ್ತು ನಿಮಿಷ. ಹೋದ ವಾರದ ಗೋಳು ಪಾಲಿಕೆಯದು. "ಮಾಮಾ, 2020ರ ಸೆಪ್ಟೆಂಬರ್‌ಗೆ ನಮ್ಮ ಕಾರ್ಪೊರೇಟರ್‌ಗಳ ಅವಧಿ ಮುಗೀತು. ಆಮ್ಯಾಲ ವರ್ಷಗಟ್ಲೆ ಎಲೆಕ್ಷನ್ನೇ ಇಲ್ಲ. ಒಂದಿದ್ದ ಪಾಲಿಕೆ ಒಡೆದು ಐದು ಮಾಡಿದ್ರು. ಇದಕ್ಕ ಡೆಮಾಕ್ರಸಿ ಅಂತಾರೇನು?"

ನನಗೆ ನಗು ಬಂತು. ಚುನಾವಣೆ ಮಾಡದೆ ಊರನ್ನು ಮೇಯರ್ ಇಲ್ಲದೆ ಇಡೋದು ಯಾರಿಗೆ ಬರೋದಿಲ್ಲ? ಚುನಾವಣೆ ಮಾಡಿ, ಮತ ಎಣಿಸಿ, ಗೆದ್ದವರಿಗೆ ಹಾರ ಹಾಕಿ, ಗುಲಾಲು ಎರಚಿ, ಆಮೇಲೂ ಮೇಯರ್ ಇಲ್ಲದ ಹಾಗೆ ನೋಡಿಕೊಳ್ಳಬೇಕು. ಅದು ಕಲೆ. ಅದನ್ನು ಕಲಿಯಬೇಕಂದ್ರೆ ಕಲಬುರಗಿಗೆ ಬರಬೇಕು.

ಕಥೆ ನಿಮಗೆ ಗೊತ್ತೇ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಮೂರೂ ಪಾಲಿಕೆಗೆ ಒಟ್ಟಿಗೆ ಚುನಾವಣೆ ಆಯಿತು. ಆಮೇಲೆ ಮೇಯರ್ ಇಲ್ಲದೆ ಯಾರು ಜಾಸ್ತಿ ದಿನ ಇರ್ತಾರೆ ಅಂತ ಪಂದ್ಯ ಕಟ್ಟಿದ ಹಾಗಿತ್ತು. ಹುಬ್ಬಳ್ಳಿಯವರು 2022ರ ಮೇ ತಿಂಗಳಿಗೇ ಕೈಚೆಲ್ಲಿದರು. ಬೆಳಗಾವಿಯವರು ಗಟ್ಟಿ ಜನ, 2023ರ ಫೆಬ್ರವರಿವರೆಗೆ ತಡೆದರು. ನಾವು ಮಾರ್ಚ್ ಮುಟ್ಟಿಸಿದೆವು. ಹದಿನೆಂಟು ತಿಂಗಳು! ಈ ಭಾಗ ಎಲ್ಲದರಲ್ಲೂ ಹಿಂದೆ ಅನ್ನೋರು ಇದನ್ನು ಬರೆದಿಟ್ಟುಕೊಳ್ಳಲಿ.

ಲೆಕ್ಕ ಸುಲಭ ಇತ್ತು. 55 ವಾರ್ಡು. ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ 1. ಶಾಲೆಯಲ್ಲಿ ನಮಗೆ 23ಕ್ಕಿಂತ 27 ದೊಡ್ಡದು ಅಂತ ಹೇಳಿಕೊಟ್ಟಿದ್ದರು. ಮೇಷ್ಟ್ರು ಪಾಪ, ಪಾಲಿಕೆ ಕಾಯ್ದೆ ಓದಿರಲಿಲ್ಲ. ಮೇಯರ್ ಆಯ್ಕೆಗೆ ಶಾಸಕರು, ಸಂಸದರು ಕೈ ಎತ್ತಬಹುದು. ವಿಧಾನ ಪರಿಷತ್ ಸದಸ್ಯರೂ ಎತ್ತಬಹುದು, ಹೆಸರು ಈ ಊರಿನ ಮತದಾರರ ಪಟ್ಟಿಯಲ್ಲಿದ್ದರೆ ಸಾಕು. ಆಗ ಪರವೂರಿನ ಬಿಜೆಪಿ ಎಂಎಲ್‌ಸಿಗಳಿಗೆ ಇದ್ದಕ್ಕಿದ್ದಂತೆ ಕಲಬುರಗಿ ಮೇಲೆ ಪ್ರೀತಿ ಉಕ್ಕಿತು. ಇಲ್ಲಿನ ಪಟ್ಟಿಯಲ್ಲಿ ಅವರ ಹೆಸರು ಬಂತು. ಕಾಂಗ್ರೆಸ್‌ನವರು ಕೂಗಾಡಿದರು, ವಿಷಯ ಹೈಕೋರ್ಟಿಗೆ ಹೋಯಿತು. ಕಾಂಗ್ರೆಸ್ ಆ ಜಾಗದಲ್ಲಿದ್ದರೆ ಬಿಡುತ್ತಿತ್ತೇ ಅಂತ ಕೇಳಬೇಡಿ, ಉತ್ತರ ನಿಮಗೂ ಗೊತ್ತು.

ಆದರೆ ನಾನು ಇದನ್ನು ಬೇರೆ ಕಣ್ಣಿನಿಂದ ನೋಡಿದೆ. ನಮ್ಮ ಜಿಲ್ಲೆಯಿಂದ ಜನ ಪುಣೆಗೆ, ಮುಂಬೈಗೆ, ಹೈದರಾಬಾದಿಗೆ, ಬೆಂಗಳೂರಿಗೆ ಗುಳೆ ಹೋಗೋದನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ರಾತ್ರಿ ಸ್ಟೇಷನ್ನಿನಲ್ಲಿ ರೊಟ್ಟಿ ಗಂಟು, ಪಾತ್ರೆ ಚೀಲ, ನಿದ್ದೆಗಣ್ಣಿನ ಮಕ್ಕಳು. ಕಲಬುರಗಿಗೆ ಗುಳೆ ಬಂದವರನ್ನು ನೋಡಿದ್ದು ಅದೇ ಮೊದಲು. ಅದೂ ಎಂಎಲ್‌ಸಿಗಳು! ಯಾವ ಓಣಿಯಲ್ಲಿ ಮನೆ ಮಾಡಿದರು, ಅಡ್ವಾನ್ಸ್ ಎಷ್ಟು ಕೊಟ್ಟರು, ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರ್ತದೆ ಅಂತ ಮನೆ ಮಾಲೀಕರನ್ನು ಕೇಳಿದರೋ ಇಲ್ಲವೋ. ಎದುರಿಗೆ ಸಿಕ್ಕಿದ್ದರೆ ಕರೆದು ಒಂದು ಪ್ಲೇಟ್ ಸುಸ್ಲಾ ತಿನ್ನಿಸುತ್ತಿದ್ದೆ.

ಹಾಗೆ ನೋಡಿದರೆ ವಿಳಾಸ ಬದಲಾಯಿಸೋದು ನಮ್ಮ ಊರಿಗೆ ಹೊಸದೇನಲ್ಲ. 2014ರ ನವೆಂಬರ್ 1ಕ್ಕೆ ಊರೇ ಗುಲ್ಬರ್ಗಾ ಬಿಟ್ಟು ಕಲಬುರಗಿ ಆಯಿತು. 2019ಕ್ಕೆ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಆಮೇಲೆ ಬಸ್ಸಿನ ಮೇಲೂ ಕಲ್ಯಾಣ ಬರೆದರು, ಸೀಟು ಹಳೆಯವೇ. ಆದರೆ ನಾನು ಇವತ್ತೂ ಓಟು ಹಾಕೋದು ಗುಲ್ಬರ್ಗಾ ದಕ್ಷಿಣ ಕ್ಷೇತ್ರದಲ್ಲಿ. ವಿಶ್ವವಿದ್ಯಾಲಯ ಗುಲಬರ್ಗಾದ್ದೇ. ವಿಮಾನ ನಿಲ್ದಾಣದ ಕೋಡೂ ಗುಲ್ಬರ್ಗಾದ ಜಿಬಿಐ. ನಾನಿರೋದು ಕಲಬುರಗಿಯಲ್ಲಿ, ನನ್ನ ಓಟು ಇರೋದು ಗುಲ್ಬರ್ಗಾದಲ್ಲಿ. ಈಗ ಎಂಎಲ್‌ಸಿಗಳ ಮೇಲೆ ಸಿಟ್ಟಾಗಲಿ ಹೇಗೆ?

ಆ ಹದಿನೆಂಟು ತಿಂಗಳಲ್ಲಿ ಪಾಪ ಅನಿಸಿದ್ದು ಗೆದ್ದವರನ್ನು ನೋಡಿ. ನಮ್ಮ ಓಣಿಯ ಗಟಾರ ತುಂಬಿ ಹರಿದಾಗ ಒಬ್ಬರ ಮನೆಗೆ ಹೋಗಿದ್ದೆ.

"ಸಾಹೇಬ್ರ, ಗಟಾರ ತುಂಬ್ಯಾದ್ರಿ."

"ನಾ ಇನ್ನಾ ಮೆಂಬರ್ ಆಗಿಲ್ರಿ ಕಾಕಾ."

"ಗೆದ್ದೀರಲ್ರಿ?"

"ಗೆದ್ದೀನ್ರಿ ಖರೇ. ಪ್ರಮಾಣ ವಚನ ಆಗಿಲ್ಲ."

ನಿಶ್ಚಯ ಆಗಿ, ಹಂದರ ಹಾಕಿ, ಬೀಗರಿಗೆ ಊಟ ಹಾಕಿಸಿ, ಅಕ್ಕಿಕಾಳು ಮಾತ್ರ ಮುಂದಿನ ವರ್ಷ ಅಂದ ಹಾಗಾಯಿತು. ಮದುಮಗ ಬಾಸಿಂಗ ಕಟ್ಟಿಕೊಂಡು ಹಂದರದಲ್ಲೇ ಕೂತಿದ್ದಾನೆ. ಅಡುಗೆ ಭಟ್ಟರು ಮನೆಗೆ ಹೋಗಿದ್ದಾರೆ.

ಅವರ ಮನೆ ಮುಂದೆ ಅಭಿನಂದನೆಯ ಫ್ಲೆಕ್ಸ್ ಇತ್ತು. ನಮ್ಮ ಬಿಸಿಲಿನಲ್ಲಿ ಫ್ಲೆಕ್ಸ್ ಹೇಗೆ ಬಿಳಿಚುತ್ತದೆ ಅಂತ ಯಾರಾದರೂ ಕೂತು ನೋಡಿದ್ದೀರಾ? ನಾನು ನೋಡಿದ್ದೇನೆ, ಬೇರೆ ಕೆಲಸ ಇರಲಿಲ್ಲ. ಮೊದಲು ಕೆಂಪು ಹೋಗುತ್ತದೆ. ಹಣೆಯ ಕುಂಕುಮ, ಗುಲಾಬಿ ಹಾರ, ಹಾರ್ದಿಕ ಅನ್ನೋ ಅಕ್ಷರ. ಆಮೇಲೆ ಹಳದಿ, ಅದರ ಜೊತೆ ಕೊರಳಿನ ಚೈನು. 2022ರ ಬೇಸಿಗೆ ಮುಗಿಯೋ ಹೊತ್ತಿಗೆ ಸಾಹೇಬ್ರು ಪೂರ್ತಿ ನೀಲಿಯಾಗಿದ್ದರು. ಮೀಸೆ ಮಾತ್ರ ಗಟ್ಟಿ ಇತ್ತು. ಪಕ್ಷ ಯಾವುದು ಅಂತ ಬಣ್ಣ ನೋಡಿ ಹೇಳೋ ಹಾಗೇ ಇರಲಿಲ್ಲ.

ಕಡೆಗೂ 2023ರ ಮಾರ್ಚ್‌ನಲ್ಲಿ ಮೇಯರ್ ಬಂದರು. 23 ಗೆದ್ದಿದ್ದ ಬಿಜೆಪಿಯವರು. ಊರಿಗೆ ಖುಷಿ ಪಡೋಕೂ ಪುರುಸೊತ್ತು ಸಿಗಲಿಲ್ಲ. ಅದೇ ತಿಂಗಳ 29ಕ್ಕೆ ವಿಧಾನಸಭೆ ಚುನಾವಣೆ ಘೋಷಣೆಯಾಯಿತು, ನೀತಿ ಸಂಹಿತೆ ಬಂತು. ಹದಿನೆಂಟು ತಿಂಗಳು ಕಾದು ಪಡೆದ ಮೇಯರ್ ಮೇ ಮಧ್ಯದವರೆಗೆ ಹೊಸ ಕೆಲಸದ ಮಾತೆತ್ತೋ ಹಾಗಿಲ್ಲ. ಮೇಯರ್ ಅವಧಿಯೋ ಒಂದು ವರ್ಷ. ಮೇಯರ್ ಸಭೆಗೆ ಹಾಕೋ ಗೌನಿಗೆ ಅಳತೆ ಕೊಟ್ಟು, ಹೊಲಿಸಿ, ಒಮ್ಮೆ ಹಾಕಿಕೊಂಡು ಬೆವರು ಒರೆಸಿಕೊಳ್ಳೋ ಹೊತ್ತಿಗೆ ಮುಂದಿನ ಮೀಸಲಾತಿ ಪಟ್ಟಿ ಬಾಗಿಲಿಗೆ ಬಂದಿರ್ತದೆ. 43 ಡಿಗ್ರಿ ಊರಲ್ಲಿ ಗೌನು! ಅದನ್ನು ಯಾರು ಕಂಡುಹಿಡಿದರೋ, ಅವರನ್ನು ಏಪ್ರಿಲ್‌ನಲ್ಲಿ ನಮ್ಮ ಸೂಪರ್ ಮಾರ್ಕೆಟ್ ಅನ್ನೋ ಬಜಾರಿಗೆ ಮಧ್ಯಾಹ್ನ ಎರಡಕ್ಕೆ ಕಳಿಸಬೇಕು.

ನಿಜ ಹೇಳಲಾ? ಮೇಯರ್ ಇಲ್ಲದಿದ್ದಾಗ ಊರಲ್ಲಿ ಏನೂ ನಿಲ್ಲಲಿಲ್ಲ. ಬಂದ ಮೇಲೆ ಏನೂ ಓಡಲಿಲ್ಲ. ನನಗೆ ಸಿಟ್ಟು ಬರೋದು ಅದಕ್ಕೆ. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು. ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿಸಿ, ಇವು ನಗರಾಡಳಿತಕ್ಕೆ ಕೊಡಬಹುದಾದ ಕೆಲಸ ಅಂತ 18 ವಿಷಯ ಬರೆದರು. ಮೂವತ್ತು ವರ್ಷ ದಾಟಿತು. ನೀರಿನ ಯೋಜನೆ ಒಬ್ಬರದು, ದೊಡ್ಡ ರಸ್ತೆ ಇನ್ನೊಬ್ಬರದು, ಲೇಔಟ್ ಮತ್ತೊಬ್ಬರದು, ಸಹಿ ಆಯುಕ್ತರದು, ಆಯುಕ್ತರ ವರ್ಗಾವಣೆ ಬೆಂಗಳೂರಿನದು. ಕೆಲವು ವಾರ್ಡಿಗೆ ದಿನದ 24 ಗಂಟೆ ನೀರು ಕೊಟ್ಟು ತೋರಿಸಿ ಹದಿನೈದು ವರ್ಷದ ಮೇಲಾಯಿತು. ಉಳಿದವರು ಇವತ್ತೂ ದಿನ ಎಣಿಸಿ ಡ್ರಮ್ಮು ತುಂಬಿಸಿಕೊಳ್ಳುತ್ತಾರೆ. ನಮ್ಮ ಎದುರು ಮನೆಯ ಅವ್ವ ಮೊಮ್ಮಗನ ಭುಜ ಹಿಡಿದು ಹೋಗಿ ಬಟನ್ ಒತ್ತಿ ಬಂದಳು. ಆ ಓಟಿಗೆ ಹದಿನೆಂಟು ತಿಂಗಳು ಬೆಲೆ ಇರಲಿಲ್ಲ. ತಪ್ಪಾಯಿತು ಅಂತ ಆಕೆಗೆ ಒಬ್ಬನೂ ಹೇಳಲಿಲ್ಲ. ಯಾಕೆ ಹೇಳ್ತಾರೆ? ಆಕೆಯೂ ಕೇಳಲಿಲ್ಲ. ಕೇಳೋಕೆ ಯಾರ ಮನೆಗೆ ಹೋಗಬೇಕಿತ್ತು?

ಅಕ್ಕನ ಮಗನಿಗೆ ಇಷ್ಟೆಲ್ಲ ಹೇಳಲಿಲ್ಲ. "ಹೂಂ" ಅಂದು ಫೋನ್ ಇಟ್ಟು ಭಜಿ ತಿನ್ನೋಕೆ ಹೋದೆ. ಬಂಡಿಯ ಮೇಲೆ ನೆರಳಿಗೆ ಕಟ್ಟಿದ್ದು ಅದೇ ಫ್ಲೆಕ್ಸು. ಮೀಸೆ ನೋಡಿ ಗುರುತು ಹಿಡಿದೆ. ಕೆನ್ನೆಯ ಹತ್ತಿರ ತೂತು ಬಿದ್ದು, ಬಿಸಿಲು ಸೀದಾ ಎಣ್ಣೆ ಬಾಣಲೆಗೇ ಬೀಳುತ್ತಿತ್ತು.

"ಮುಂದಿನ ಎಲೆಕ್ಷನ್ ಯಾವಾಗ್ರಿ ಕಾಕಾ?" ಅಂತ ಬಂಡಿಯವ ಕೇಳಿದ. "ಇದು ಹರ್ದು ಹೋಗ್ಯಾದ. ಹೊಸಾದು ಬೇಕಿತ್ತು."

ಐದು ವರ್ಷದ ಲೆಕ್ಕ ಗೆದ್ದ ದಿನದಿಂದ ಅಲ್ಲ, ಮೊದಲ ಸಭೆಯಿಂದ ಅಂತ ಬಿಡಿಸಿ ಹೇಳಿದೆ. 2021ರಲ್ಲಿ ಗೆದ್ದವರು 2028ರವರೆಗೆ ಇರ್ತಾರೆ.

ಅವನು ಝಾರಿ ಕೈಯಲ್ಲಿ ಹಿಡಿದು ಒಂದು ಸಲ ತೂತು ನೋಡಿದ.

"ಹಂಗಾದ್ರ ತಾಡಪತ್ರಿನೇ ತರ್ಬೇಕ್ ಬಿಡ್ರಿ."