ಬಿಳಿ ಐದಕ್ಕಿಂತ ಒಂದೆಳೆ ಮೇಲೆ

ಕಳೆದ ಸೋಮವಾರ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನೊಳಗೆ ಒಂದು ಸೂಚನಾಪತ್ರ ಅಂಟಿಸಿದ್ದಾರೆ. ‘302ನೇ ಮನೆಯವರು ಸಂಜೆ ಏಳರಿಂದ ಎಂಟರವರೆಗೆ ನೀರೆತ್ತುವ ಮೋಟಾರಿನಂತೆ ಸದ್ದು ಮಾಡಬಾರದಾಗಿ ಕೋರಲಾಗಿದೆ.’ ಕೆಳಗೆ ಕಾರ್ಯದರ್ಶಿಗಳ ಸಹಿ, ಅದರ ಮೇಲೆ ನೇರಳೆ ಮೊಹರು. 302 ನನ್ನ ಮನೆ. ಇಪ್ಪತ್ತಮೂರು ವರ್ಷ ಬ್ಯಾಂಕಿನಲ್ಲಿ ಸುತ್ತೋಲೆಗಳನ್ನು ಓದಿಯೇ ಕೂದಲು ನರೆಸಿಕೊಂಡವನು ನಾನು. ಆದರೂ ಮೋಟಾರಿನಂತಿರಬೇಡ ಎಂದು ಮನುಷ್ಯನಿಗೆ ಹೊರಡಿಸಿದ ಸುತ್ತೋಲೆಯನ್ನು ಕಂಡಿರಲಿಲ್ಲ. ಬೆಳಿಗ್ಗೆ ಕಚೇರಿಗೆ ಹೊರಟವರೆಲ್ಲ ಲಿಫ್ಟಿನಲ್ಲಿ ಮೊದಲು ಅದನ್ನು ಓದುತ್ತಾರೆ, ಆಮೇಲೆ ನನ್ನನ್ನು ಓದುತ್ತಾರೆ. ಮೂರು ಮಹಡಿ ಇಳಿಯುವುದರೊಳಗೆ ಎರಡು ಸಲ ಓದಲು ಸಮಯ ಸಿಗುತ್ತದೆ.

ಸದ್ದು ನನ್ನದಲ್ಲ, ನನ್ನ ಗಿಟಾರಿನದು. ನಲವತ್ತೇಳನೆಯ ವಯಸ್ಸಿನಲ್ಲಿ, ಬೇರೆಯವರು ಬೆಳಗಿನ ವಾಯುವಿಹಾರ ಶುರು ಮಾಡುವ ಹೊತ್ತಿಗೆ, ನಾನೊಂದು ಎಲೆಕ್ಟ್ರಿಕ್ ಗಿಟಾರು ಕೊಂಡೆ. ಕೈ ಬದಲಾಯಿಸಿದ ಮಾಲು. ಆಕಾರದಲ್ಲಿ ಫೆಂಡರ್ ಕಂಪನಿಯ ಹೆಸರಾಂತ ಸ್ಟ್ರಾಟೋಕಾಸ್ಟರ್, ಹೆಸರಿನಲ್ಲಿ ಅಲ್ಲ. ಅಸಲಿ ಅಮೆರಿಕದ್ದನ್ನು ಕೊಳ್ಳುವ ದುಡ್ಡಿಗೆ ಸ್ಕೂಟರು ಬರುತ್ತದೆ, ಸ್ಕೂಟರಿನಲ್ಲಿ ಕಡೇಪಕ್ಷ ತರಕಾರಿ ತರಬಹುದು.

ಈ ಗಿಟಾರಿನ ತಂತಿಗಳ ಕೆಳಗೆ ಮೂರು ಪಿಕಪ್‌ಗಳಿವೆ. ಅಯಸ್ಕಾಂತದ ಸುತ್ತ ಕೂದಲೆಳೆಯಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ ಸುರುಳಿಗಳು. ಮೇಲೆ ಉಕ್ಕಿನ ತಂತಿ ಅಲುಗಿದರೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಮಾಡಿ ಹೇಳುತ್ತದೆ. ಸರಳ ವಿಷಯ. ತೊಂದರೆಯೇನೆಂದರೆ ಸುರುಳಿಗೆ ತನ್ನವರು ಪರರು ಎಂಬ ಭೇದವಿಲ್ಲ. ಟ್ಯೂಬ್‌ಲೈಟು, ಫ್ಯಾನಿನ ರೆಗ್ಯುಲೇಟರು, ಗೋಡೆಯಾಚೆ ಓಡುವ ಮಿಕ್ಸಿ, ಎಲ್ಲರ ಮಾತನ್ನೂ ಕಿವಿಗೊಟ್ಟು ಕೇಳಿ ಸ್ಪೀಕರಿನಲ್ಲಿ ಬಿತ್ತರಿಸುತ್ತದೆ. ನಮ್ಮ ದೇಶದ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಹಾಗಾಗಿ ಗಿಟಾರಿನ ವೈರನ್ನು ಆಂಪ್ಲಿಫೈಯರಿಗೆ ಚುಚ್ಚಿದ ಕೂಡಲೇ, ಒಂದು ಸ್ವರವನ್ನೂ ನುಡಿಸುವ ಮೊದಲೇ, ಗುಂಯ್ ಎಂದು ಶುರುವಾಗುತ್ತದೆ. ಕರೆಂಟು ಹೋಗಿ ಹಳೆಯ ಇನ್ವರ್ಟರ್ ಹತ್ತಿಕೊಂಡಿತೆಂದರೆ ಗುಂಯ್ ಹೋಗಿ ಗರ್ರ್ ಬರುತ್ತದೆ.

ತಂತಿಗಳ ಮೇಲೆ ಅಂಗೈ ಇಟ್ಟರೆ ತುಸು ಸುಮ್ಮನಾಗುತ್ತದೆ, ತೆಗೆದರೆ ಮತ್ತೆ ರಾಗ. ತೊಟ್ಟಿಲ ಕೂಸಿನದೇ ಗುಣ. ಇನ್ನೊಂದು ಉಪಾಯವೆಂದರೆ ನಿಂತಲ್ಲೇ ನಿಧಾನವಾಗಿ ತಿರುಗುವುದು. ಸುರುಳಿ ಯಾವ ದಿಕ್ಕಿಗಿದೆ ಎನ್ನುವುದರ ಮೇಲೆ ಸದ್ದು ಹೆಚ್ಚುಕಡಿಮೆಯಾಗುತ್ತದೆ. ಹಾಗೆ ಗಿಟಾರು ನೇತುಹಾಕಿಕೊಂಡು ಪ್ರದಕ್ಷಿಣೆ ಹಾಕಿ ಹಾಕಿ, ನಮ್ಮ ಕೋಣೆಯಲ್ಲಿ ಈಶಾನ್ಯಕ್ಕೆ ಮುಖ ಮಾಡಿದರೆ ಗುಂಯ್ ಅರ್ಧಕ್ಕಿಳಿಯುತ್ತದೆಂದು ಕಂಡುಕೊಂಡೆ. ಅತ್ತೆಯವರಿಗೆ ಪರಮಾನಂದ. ‘ವಾಸ್ತು ಸುಳ್ಳು ಎಂದು ಹಾರಾಡುತ್ತಿದ್ದಿರಲ್ಲ’ ಎಂದರು.

ಎರಡನೇ ಮಹಡಿಯಲ್ಲಿ ಸಂಗೀತ ಪಾಠ ಹೇಳುವ ಮೇಡಂ ಒಬ್ಬರಿದ್ದಾರೆ. ಬಹಳ ಸಜ್ಜನರು. ಒಂದು ಸಂಜೆ ಮೆಟ್ಟಿಲ ಮೇಲೆ ಸಿಕ್ಕಿ ‘ನಿಮ್ಮ ಸದ್ದಿನ ಬಗ್ಗೆ ನನ್ನ ತಕರಾರೇನಿಲ್ಲ. ಆದರೆ ಮಕ್ಕಳು ಹಾರ್ಮೋನಿಯಂನ ಐದನೇ ಬಿಳಿ ಮನೆಯ ಶ್ರುತಿಗೆ ಹಾಡುತ್ತಾರೆ, ನಿಮ್ಮದು ಬಿಳಿ ಐದಕ್ಕಿಂತ ಒಂದೆಳೆ ಮೇಲಿದೆ. ಒಂಚೂರು ಇಳಿಸಿಕೊಳ್ಳಲಾದೀತೇ?’ ಎಂದರು. ಲೆಕ್ಕ ಹಾಕಿ ನೋಡಿದರೆ ಅವರ ಕಿವಿ ಸರಿಯಾಗಿಯೇ ಇದೆ. ಸೆಕೆಂಡಿಗೆ ನಲವತ್ತೊಂಬತ್ತು ಆವರ್ತನದ ಸುಮಾರಿಗೆ ಇರಬೇಕಾದ ಸ್ವರವನ್ನು ನಮ್ಮ ಕರೆಂಟು ಐವತ್ತಕ್ಕೆ ಎತ್ತಿ ಹಿಡಿದಿದೆ. ಇಡೀ ದೇಶದ ವಿದ್ಯುಜ್ಜಾಲವನ್ನು ಒಂದೆಳೆ ಇಳಿಸುವ ಅಧಿಕಾರ ನನಗಿಲ್ಲ ಎಂದು ಅವರಿಗೆ ಹೇಗೆ ಹೇಳಲಿ?

ಈ ರೋಗಕ್ಕೆ ಮದ್ದು ಸಿಕ್ಕಿ ಎಷ್ಟೋ ಕಾಲವಾಯಿತು. ಗಿಬ್ಸನ್ ಎಂಬ ಗಿಟಾರು ಕಂಪನಿಯಲ್ಲಿದ್ದ ಸೆತ್ ಲವರ್ ಎಂಬ ಎಂಜಿನಿಯರ್ 1955ರಲ್ಲೇ ಒಂದರ ಬದಲು ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟರು. ಒಂದಕ್ಕೆ ಇನ್ನೊಂದು ತಿರುಗುಮುರುಗು. ಹೊರಗಿನಿಂದ ಬಂದ ಗುಂಯ್ ಎರಡರಲ್ಲೂ ಎದುರುಬದುರಾಗಿ ಹುಟ್ಟಿ ತಮ್ಮತಮ್ಮಲ್ಲೇ ಹೊಡೆದಾಡಿ ಸಾಯುತ್ತದೆ, ತಂತಿಯ ನಾದ ಮಾತ್ರ ಉಳಿದುಕೊಳ್ಳುತ್ತದೆ. ಅದರ ಹೆಸರೇ ಹಂಬಕರ್. ನಮ್ಮ ಅಪಾರ್ಟ್‌ಮೆಂಟಿನ ವಾರ್ಷಿಕ ಸಭೆಯಲ್ಲಿಯೂ ಇದೇ ತತ್ತ್ವ ನಡೆಯುತ್ತದೆ, ಆದರೆ ಅಲ್ಲಿ ನಾದವೂ ಉಳಿಯುವುದಿಲ್ಲ. 1957ರ ಹೊತ್ತಿಗೆ ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರುಗಳ ಮೇಲೆ ಹಂಬಕರ್ ಬಂದು ಕೂತಿತು. ಮುಂದೆ ರಾಕ್ ಸಂಗೀತದವರು ಲೆಸ್ ಪಾಲ್‌ಗೆ ಮುಗಿಬೀಳಲು ಅರ್ಧ ಕಾರಣ ಈ ದಪ್ಪ, ನುಣುಪಾದ ನಾದವೇ. ಹಂಬಕರ್ ಬೆಲ್ಲದ ಪಾಕವಾದರೆ ನನ್ನ ಗಿಟಾರಿನಲ್ಲಿರುವ ಒಂಟಿ ಸುರುಳಿಯ ಸಿಂಗಲ್ ಕಾಯಿಲ್ ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆ.

ಹಾಗಾದರೆ ಪಾಕವನ್ನೇ ಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಕೊಳ್ಳಬಹುದಿತ್ತು, ನನಗೊಬ್ಬ ಭಾವಮೈದುನ ಇರದಿದ್ದರೆ.

ಅವನು ಬೆಂಗಳೂರಿನಲ್ಲಿ ಕಂಪ್ಯೂಟರು ಕೆಲಸ ಮಾಡುತ್ತಾನೆ. ವಾರಾಂತ್ಯಕ್ಕೆ ತಾಯಿಯನ್ನು ನೋಡುವ ನೆಪದಲ್ಲಿ ಮೈಸೂರಿಗೆ ಬಂದು ನನ್ನ ಗಿಟಾರನ್ನು ನೋಡಿಕೊಂಡು ಹೋಗುತ್ತಾನೆ. ಗಿಟಾರಿನ ವಿಚಾರದಲ್ಲಿ ಅವನಿಗೆ ಗೊತ್ತಿಲ್ಲದ್ದು ಒಂದೇ, ನುಡಿಸುವುದು. ಈಗಿನ ಸ್ಟ್ರಾಟೋಕಾಸ್ಟರ್, ಅಂದರೆ ಸ್ಟ್ರಾಟ್‌ಗಳಲ್ಲಿ ನಡುವಿನ ಸುರುಳಿಯನ್ನು ತಿರುಗಿಸಿ ಸುತ್ತಿರುತ್ತಾರೆ, ಸ್ವಿಚ್ಚನ್ನು ಎರಡನೇ ಅಥವಾ ನಾಲ್ಕನೇ ಹಂತಕ್ಕೆ ತಂದರೆ ಗುಂಯ್ ಅಡಗುತ್ತದೆ. ಆ ಭಾಗ್ಯವನ್ನೂ ನನಗೆ ತಪ್ಪಿಸಿದವನು ಅವನೇ. ‘ಅರವತ್ತರ ದಶಕದ ಹಾಗೆಯೇ ಇರಬೇಕು ಭಾವ. ಸದ್ದು ಹೋದರೆ ಜೀವವೂ ಹೋಗುತ್ತದೆ’ ಎಂದು ಅಂಗಡಿಯಲ್ಲಿ ನನ್ನ ಪರವಾಗಿ ತೀರ್ಮಾನ ಕೊಟ್ಟ.

ಅವನ ದೃಢ ನಂಬಿಕೆಯೆಂದರೆ ನಾದವಿರುವುದು ಮರದಲ್ಲಿ. ಪಿಕಪ್ ಹಿಡಿಯುವುದು ತಂತಿಯ ಅಲುಗಾಟವನ್ನಲ್ಲವೇ, ಮರದ ಪಾಲು ಅದರಲ್ಲಿ ಎಷ್ಟು ಎಂದು ಕೇಳಿದರೆ ಆ ಜಗಳ ಲೋಕದಲ್ಲಿ ಯಾವ ಊರಿನಲ್ಲೂ ಇತ್ಯರ್ಥವಾಗಿಲ್ಲ. ನಮ್ಮ ಮನೆಯಲ್ಲಿ ಮಾತ್ರ ಆಗಿದೆ. ಅಂದಿನಿಂದ ಅವನು ಕಂಡಕಂಡ ಮರವನ್ನು ಬೆರಳಿನ ಗೆಣ್ಣಿನಿಂದ ತಟ್ಟುತ್ತಾನೆ. ನಾವು ತೆಂಗಿನಕಾಯಿ ತಟ್ಟುತ್ತೇವೆ, ಹಲಸಿನಹಣ್ಣು ತಟ್ಟುತ್ತೇವೆ, ಅದಕ್ಕೊಂದು ಅರ್ಥವಿದೆ, ಕೊನೆಗೆ ತಿನ್ನಲು ಸಿಗುತ್ತದೆ. ಇವನು ಊಟದ ಮೇಜು ತಟ್ಟಿ ‘ಸತ್ತಿದೆ’ ಎನ್ನುತ್ತಾನೆ. ದೇವರ ಮಂಟಪ ತಟ್ಟಿ ‘ಪರವಾಗಿಲ್ಲ, ಮೇಲಿನ ಸ್ಥಾಯಿ ಚೆನ್ನಾಗಿದೆ’ ಎನ್ನುತ್ತಾನೆ. ಚಪಾತಿ ಮಣೆಯನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ, ಹಿಟ್ಟಿನ ಪುಡಿಯೆಲ್ಲ ಮೀಸೆಗೆ ಉದುರಿಸಿಕೊಂಡು, ಅದಕ್ಕೆ ‘ಏನು ಸಸ್ಟೇನ್! ನಾದ ಎಷ್ಟು ಹೊತ್ತು ನಿಲ್ಲುತ್ತದೆ!’ ಎಂದು ಬೆರಗಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಹೆಣ್ಣು ನೋಡಲು ಹೋದ ಮನೆಯಲ್ಲಿ, ಹುಡುಗಿ ಕೇಸರಿಬಾತು ಹಿಡಿದು ಬರುವ ಹೊತ್ತಿಗೆ ಸರಿಯಾಗಿ, ಅವರ ಹೆಬ್ಬಾಗಿಲಿನ ಹಿಂದೆ ನಿಂತು ಟಕಟಕ ಎನ್ನಿಸುತ್ತಿದ್ದ. ಯಾರೋ ಬಂದರೆಂದು ಹುಡುಗಿಯ ತಂದೆ ಎದ್ದು ಹೋಗಿ ಬಾಗಿಲು ತೆರೆದರು. ಆ ಸಂಬಂಧ ಮುಂದುವರಿಯಲಿಲ್ಲ.

ಬ್ರಿಟನ್ನಿನ ಕ್ವೀನ್ ಎಂಬ ರಾಕ್ ತಂಡದ ಗಿಟಾರು ವಾದಕ ಬ್ರಯಾನ್ ಮೇ ಹುಡುಗನಾಗಿದ್ದಾಗ, 1963ರಲ್ಲಿ, ತಂದೆಯ ಜೊತೆ ಸೇರಿ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರದಿಂದ ಗಿಟಾರು ಮಾಡಲು ಹೊರಟರಂತೆ. ಮುಂದೆ ಅದನ್ನೇ ಜೀವಮಾನವಿಡೀ ನುಡಿಸುತ್ತ ಬಂದರು. ಇದನ್ನು ಭಾವಮೈದುನ ಹತ್ತು ಸಲ ಹೇಳಿದಾಗಲೂ ನನಗೆ ಅಪಾಯದ ವಾಸನೆ ಹೊಡೆಯಲಿಲ್ಲ. ಹನ್ನೊಂದನೆಯ ಸಲ ಅವನು ಅಟ್ಟದ ಮೇಲಿನ ತೊಟ್ಟಿಲನ್ನು ತಟ್ಟುತ್ತಿದ್ದ. ಮೂರು ತಲೆಮಾರು ಮಲಗಿದ ಬೀಟೆ ಮರದ ತೊಟ್ಟಿಲು. ‘ಒಂದು ಪಕ್ಕದ ಹಲಗೆ ಸಾಕಮ್ಮ’ ಎಂದ. ಅತ್ತೆ ‘ಮೊದಲು ಅದರಲ್ಲಿ ಮಲಗಿಸುವುದಕ್ಕೆ ಒಂದು ಮಗು ತಾ. ಆಮೇಲೆ ಗರಗಸ ತಾ’ ಎಂದರು.

ಅದೂ ಸರಿ. ಆದರೆ ಯುಗಾದಿಯ ಮಾರನೆಯ ದಿನ ನಡೆದದ್ದನ್ನು ಏನೆನ್ನಲಿ? ಕೋಣೆಗೆ ಹೋದರೆ ಭಾವಮೈದುನ ಕಣ್ಣು ಮುಚ್ಚಿ, ನನ್ನ ಗಿಟಾರಿನ ಮೈಯಿಂದ ಮೇಲಕ್ಕೆ ಚಾಚಿದ ಕೊಂಬನ್ನು ಬಾಯಲ್ಲಿ ಕಚ್ಚಿ ಹಿಡಿದು, ಒಂದು ಕೈಯಿಂದ ದಪ್ಪ ತಂತಿಯನ್ನು ಮೀಟುತ್ತಿದ್ದ. ಕಂಪನ ದವಡೆಯ ಮೂಳೆಯ ಮೂಲಕ ನೇರವಾಗಿ ಒಳಗಿವಿಗೆ ಹೋಗುತ್ತದಂತೆ, ಮರದ ನಿಜವಾದ ಗುಣ ಆಗ ತಿಳಿಯುತ್ತದಂತೆ. ಮೂಳೆಯ ಮೂಲಕ ಸದ್ದು ಕೇಳುವುದೇನೋ ನಿಜ. ಆದರೆ ಇದನ್ನೆಲ್ಲ ಅವನು ಕೊಂಬನ್ನು ಬಿಡದೆಯೇ ವಿವರಿಸಿದ್ದರಿಂದ ಅರ್ಧ ನನ್ನ ಊಹೆ. ಅಷ್ಟರಲ್ಲಿ ಅತ್ತೆ ಕಾಫಿ ಲೋಟ ಹಿಡಿದು ಒಳಗೆ ಬಂದರು. ಮಗನನ್ನು ನೋಡಿದರು, ಗಿಟಾರನ್ನು ನೋಡಿದರು, ನನ್ನನ್ನೂ ನೋಡಿದರು. ‘ಹಸಿವಾಗಿದ್ದರೆ ಹೇಳಬಾರದೇನೋ, ನಿನ್ನೆಯ ಒಬ್ಬಟ್ಟು ಇದೆಯಲ್ಲ’ ಎಂದರು. ಕೊಂಬಿನ ಬಣ್ಣದ ಮೇಲೆ ಎರಡು ಹಲ್ಲಿನ ಗುರುತು ಇಂದಿಗೂ ಇದೆ. ಅದರಿಂದ ನಾದ ಸುಧಾರಿಸಿದೆ ಎಂದು ಅವನ ವಾದ.

ನಿಜ ಹೇಳಬೇಕೆಂದರೆ ಅಂಗಡಿಯಲ್ಲಿ ನಾನು ಲೆಸ್ ಪಾಲ್ ಮಾದರಿಯನ್ನೂ ಹೆಗಲಿಗೇರಿಸಿ ನೋಡಿದ್ದೆ. ಮಹಾಗನಿಯ ದಪ್ಪ ಮೈ, ಮೇಲೆ ಮೇಪಲ್ ಮರದ ಹೊದಿಕೆ, ನಾಲ್ಕು ಕಿಲೋಗೂ ಮಿಕ್ಕಿದ ತೂಕ. ಹತ್ತು ನಿಮಿಷದಲ್ಲಿ ಎಡಹೆಗಲು ರೇಷನ್ ಅಕ್ಕಿ ಹೊತ್ತ ದಿನಗಳನ್ನು ನೆನಪಿಸಿತು. ಬೆರಳಿಗೇನೋ ಅದೇ ಹಿತ. ಅದರ ತಂತಿಯ ನುಡಿಯುವ ಉದ್ದ 24¾ ಅಂಗುಲ, ಸ್ಟ್ರಾಟ್‌ನದು 25½. ಮುಕ್ಕಾಲು ಅಂಗುಲವೇನು ಮಹಾ ಎನ್ನಬೇಡಿ. ಅದೇ ದಪ್ಪದ ತಂತಿ ಅದೇ ಶ್ರುತಿಗೆ ಬರಬೇಕಾದರೆ ಉದ್ದ ಹೆಚ್ಚಿದಷ್ಟೂ ಬಿಗಿ ಹೆಚ್ಚು, ಎಳೆದು ಗಮಕ ಹಿಡಿಯುವಾಗ ಬೆರಳಿನ ತುದಿ ಅದನ್ನು ಲೆಕ್ಕವಿಟ್ಟು ಹೇಳುತ್ತದೆ. ಅಲ್ಲದೆ ಸ್ಟ್ರಾಟ್‌ನಲ್ಲಿ ವಾಲ್ಯೂಮ್ ಗುಬುಟನ್ನು ಕಿರುಬೆರಳಿನ ಪಕ್ಕದಲ್ಲೇ ಇಟ್ಟಿದ್ದಾರೆ. ಬಲ್ಲವರು ಅದರಿಂದ ಚಮತ್ಕಾರ ಮಾಡುತ್ತಾರೆ. ನನ್ನ ಕೈ ತಗಲಿ ಹಾಡಿನ ನಡುವೆ ಸದ್ದೇ ಅಡಗುತ್ತದೆ. ಮನೆಯವರು ಚಪ್ಪಾಳೆ ತಟ್ಟುವುದು ಆಗ ಮಾತ್ರ.

ಹಾಗಿದ್ದೂ ಸ್ಟ್ರಾಟ್ ತೆಗೆದುಕೊಂಡದ್ದಕ್ಕೆ, ಭಾವಮೈದುನನ ತೀರ್ಪಿನ ಜೊತೆಗೆ, ನನ್ನ ಹೊಟ್ಟೆಯೂ ಕಾರಣ. ಸ್ಟ್ರಾಟ್ ಹೊರತಂದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಗಿಟಾರು ನುಡಿಸಲು ಬಾರದವರು. ಅವರ ಮೊದಲಿನ ಗಿಟಾರು ಟೆಲಿಕಾಸ್ಟರ್ ಹಲಗೆ ಕೊಯ್ದಂತಿತ್ತು. ನುಡಿಸುವವರು ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ದೂರಿದರು. 1954ರಲ್ಲಿ ಬಂದ ಸ್ಟ್ರಾಟ್‌ನ ಬೆನ್ನಿಗೆ ಒಂದು ಕುಳಿ ಕೆತ್ತಿ, ಮುಂಗೈ ಊರುವ ಅಂಚನ್ನೂ ಇಳಿಜಾರು ಮಾಡಿದರು. ಆ ಕುಳಿಯಲ್ಲಿ ನನ್ನ ಹೊಟ್ಟೆ ಬೀಗದೊಳಗೆ ಕೀಲಿ ಕೂತಂತೆ ಕೂತಿತು. ಮದುವೆಯ ಕೋಟೂ ನನಗೆ ಹಾಗೆ ಹೊಂದಿರಲಿಲ್ಲ. ನುಡಿಸಲು ಬಾರದ ಮನುಷ್ಯ ಇನ್ನೊಬ್ಬರ ಪಕ್ಕೆಲುಬಿನ ಮಾತು ಕೇಳಿದ್ದಕ್ಕೆ ಅಂಥದ್ದೊಂದು ಆಕಾರ ಹುಟ್ಟಿತು. ಇದನ್ನು ನಮ್ಮ ಮನೆಯ ಇನ್ನೊಬ್ಬ ನುಡಿಸಲು ಬಾರದವನಿಗೆ ಎರಡು ಸಲ ಹೇಳಿದೆ. ಅವನು ಕಿಟಕಿಯ ಚೌಕಟ್ಟು ತಟ್ಟುತ್ತಿದ್ದ.

ಕಣ್ಣಿನ ಪಾಲೂ ಇದರಲ್ಲಿ ಕಡಿಮೆಯೇನಲ್ಲ. ಆ ಇನ್ನೊಂದು ಗಿಟಾರಿಗೆ ಹೆಸರು ಕೊಟ್ಟ ಲೆಸ್ ಪಾಲ್ ಎಂಬ ವಾದಕರು 1940ರ ಆಸುಪಾಸಿನಲ್ಲಿ ನಾಲ್ಕಂಗುಲದ ಪೈನ್ ಮರದ ತೊಲೆಗೆ ತಂತಿ ಬಿಗಿದು ನುಡಿಸಿದರೆ ಜನ ಮುಖ ತಿರುಗಿಸಿದರು. ಇನ್ನೊಂದು ಗಿಟಾರನ್ನು ಸೀಳಿ ಅದರ ಎರಡು ಹೋಳನ್ನು ತೊಲೆಯ ಎರಡೂ ಪಕ್ಕಕ್ಕೆ ಅಂಟಿಸಿಕೊಂಡು ಬಂದಾಗ ಮೆಚ್ಚಿದರು. ತೊಲೆ ಅದೇ, ತಂತಿಯೂ ಅದೇ.

ನಮ್ಮ ಅಜ್ಜಿಯ ವೀಣೆ ಹಲಸಿನ ಮರದ್ದು. ಬೇಸಿಗೆಯಲ್ಲಿ ಮೆಟ್ಟುಗಳ ಕೆಳಗಿನ ಮೇಣ ಮೆತ್ತಗಾಗಿ ಸ್ವರ ಜಾರುತ್ತಿತ್ತು, ಅಜ್ಜಿ ಗೊಣಗುತ್ತಲೇ ಮೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ಸರಿಪಡಿಸುತ್ತಿದ್ದರು. ಒಮ್ಮೆ ಬಂಧುಗಳೊಬ್ಬರು ಹೊಸ ವೀಣೆ ತಂದು ತೋರಿಸಿದರು, ದಂತದ ಕೆಲಸದ್ದು. ಅಜ್ಜಿ ಒಂದು ತಾನ ನುಡಿಸಿ ‘ನಾದ ನನ್ನದಕ್ಕಿಂತ ಚೆನ್ನಾಗಿದೆ’ ಎಂದು ಒಪ್ಪಿಕೊಂಡು, ಹಿಂದಕ್ಕೆ ಕೊಟ್ಟು, ತಮ್ಮದನ್ನೇ ತೊಡೆಗೆಳೆದುಕೊಂಡರು. ಎಡಗೈಯ ಎರಡು ಬೆರಳ ತುದಿಯಲ್ಲಿ ತಂತಿಯ ಗೀರು ಕಪ್ಪಾಗಿ ಉಳಿದುಬಿಟ್ಟಿತ್ತು. ಜ್ವರ ಬಂದಾಗ ಹಣೆ ಮುಟ್ಟಿದರೆ ಆ ಗೀರು ತಿಳಿಯುತ್ತಿತ್ತು. ಆ ವೀಣೆ ಈಗ ದಾಯಾದಿಗಳ ಮನೆಯ ಗಾಜಿನ ಕಪಾಟಿನಲ್ಲಿದೆ, ತಂತಿಯಿಲ್ಲದೆ, ಸುತ್ತ ಬಣ್ಣದ ದೀಪದ ಸರ ಹಾಕಿಸಿಕೊಂಡು. ನನ್ನ ಬೆರಳ ತುದಿಯಲ್ಲೂ ಈಗ ಅಂಥದ್ದೊಂದು ಗೀರು ಮೂಡುತ್ತಿದೆ. ಮೊನ್ನೆ ಬ್ಯಾಂಕಿನ ಹಾಜರಿ ಯಂತ್ರ ಅದನ್ನು ಗುರುತಿಸದೆ ನನಗೆ ಅರ್ಧ ದಿನದ ರಜೆ ಹಾಕಿತು.

ಇನ್ನು ಸೂಚನಾಪತ್ರದ ವಿಷಯ. ಅದನ್ನು ಅಂಟಿಸಿದ ಹಿಂದಿನ ದಿನ, ಭಾನುವಾರ ಸಂಜೆ ಏಳೂವರೆಗೆ ನಾನು ಅಡುಗೆಮನೆಯಲ್ಲಿ ನೆನೆಹಾಕಿದ ಅವರೆಕಾಳು ಹಿತುಕುತ್ತಿದ್ದೆ. ಹಜಾರದಲ್ಲಿ ಭಾವಮೈದುನ ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದ್ದ. ಎಲ್ಲಿಂದಲೋ ಗುಂಯ್ ಎನ್ನುತ್ತಿತ್ತು. ‘ಭಾವ, ಇವತ್ತು ನಿಮ್ಮ ಗಿಟಾರು ಎಷ್ಟು ತುಂಬಿಕೊಂಡು ಬರುತ್ತಿದೆ! ಮರ ಪಳಗಿದೆ, ಕೇಳಿ’ ಎಂದು ಕೂಗಿದ. ಕೆಳಗೆ ಕಾವಲಿನವರು ಕೇಳಿಸಿಕೊಂಡರು, 302ರ ಸಾಹೇಬರು ಎಂದುಕೊಂಡು ಸುಮ್ಮನಾದರು. ಕಾರ್ಯದರ್ಶಿಗಳೂ ಹಾಗೆಯೇ. ಸಂಗೀತದ ಮೇಡಂ ಮಾತ್ರ ಶ್ರುತಿ ಎಂದಿನದಲ್ಲವೆಂದು ಅನುಮಾನಪಟ್ಟರಂತೆ, ಸಂಕೋಚಕ್ಕೆ ಹೇಳಲಿಲ್ಲ. ಗಿಟಾರು ಕಪಾಟಿನಲ್ಲಿ ಚೀಲದೊಳಗೆ ಮಲಗಿತ್ತು. ನೀರೆತ್ತುವ ಮೋಟಾರು ಒಂದೂಕಾಲು ಗಂಟೆ ಓಡಿ, ತಾರಸಿಯ ಟ್ಯಾಂಕು ತುಂಬಿ ಹರಿದು, ಮೆಟ್ಟಿಲಿನಲ್ಲಿ ನೀರು ನಾಲ್ಕನೇ ಮಹಡಿಯಿಂದ ಇಳಿದು ಬಂತು. ಬಾಗಿಲ ಮುಂದಿನ ನನ್ನ ಚಪ್ಪಲಿಗಳು ಮೊದಲನೇ ಮಹಡಿಯಲ್ಲಿ ಸಿಕ್ಕವು.

ಸಭೆ ಸೇರಿ ಒಂದು ವ್ಯವಸ್ಥೆ ಮಾಡಿದ್ದಾರೆ. ಸದ್ದು ಕೇಳಿದಾಗಲೆಲ್ಲ ಕಾವಲಿನವರು ಇಂಟರ್‌ಕಾಮಿನಲ್ಲಿ ವಿಚಾರಿಸಬೇಕು. ನಿನ್ನೆ ಈಶಾನ್ಯಕ್ಕೆ ತಿರುಗಿ ಇನ್ನೂ ಮೊದಲ ಸ್ವರ ಹಿಡಿದಿರಲಿಲ್ಲ, ಗಂಟೆ ಬಾರಿಸಿತು.

‘ಸರ್, ಈಗ ಕೇಳುತ್ತಿರುವುದು ಮೋಟಾರೋ, ನೀವೋ?’

‘ನಾನೇಪ್ಪಾ’ ಎಂದೆ.

ಅತ್ತ ಕಡೆಯಿಂದ ನಿಟ್ಟುಸಿರು ಕೇಳಿಸಿತು. ‘ಹಾಗಾದರೆ ನೀರು ಇನ್ನೂ ಬಂದಿಲ್ಲ ಅನ್ನಿ.’