ರಾಸು ಇಲ್ಲದ ದನಗಳ ಜಾತ್ರೆ

ಫ್ರೆಂಚರು ಜನಾಂಗಕ್ಕೆ 'ರಾಸ್' ಅನ್ನುತ್ತಾರೆ. ದನ, ನಾಯಿ, ಕುದುರೆಯ ತಳಿಗೂ ಅವರಲ್ಲಿ ಅದೇ ಪದ. ನಮ್ಮಲ್ಲಿ ರಾಸು ಅಂದರೆ ಎತ್ತು, ಹಸು. ಎರಡೂ ಸುಮ್ನೆ ಕಿವಿಗೆ ಒಂದೇ ಥರ ಕೇಳುತ್ತವೆ ಅಷ್ಟೇ. ಆದರೂ ಫ್ರಾನ್ಸಿನ ಹಳೇ ಕಾನೂನು ಓದುತ್ತಾ ಹೋದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ನೆನಪಾಗುತ್ತದೆ. ಹಲ್ಲು ನೋಡು, ಸುಳಿ ನೋಡು, ಆಮೇಲೆ ಬೆಲೆ ಕಟ್ಟು.

2018ರ ಜುಲೈ 12ರಂದು ಪ್ಯಾರಿಸ್ಸಿನ ಸಂಸತ್ತಿನ ಕೆಳಮನೆಯಲ್ಲಿ ಈ ರಾಸನ್ನು ಊರಾಚೆ ಅಟ್ಟುವ ಕಾರ್ಯಕ್ರಮವಿತ್ತು. ಮೂಲ, ಜನಾಂಗ, ಧರ್ಮದ ಭೇದವಿಲ್ಲದೆ ಎಲ್ಲರೂ ಸಮಾನರು ಅಂತ ಅವರ ಸಂವಿಧಾನದ ಮೊದಲ ವಿಧಿ ಹೇಳುತ್ತದೆ. ಜನಾಂಗ ಅನ್ನೋದೇ ಇಲ್ಲ, ಆ ಪದ ಯಾಕೆ, ಕಿತ್ತು ಹಾಕಿ ಅಂದರು. ಆ ಜಾಗಕ್ಕೆ 'ಲಿಂಗ' ತಂದು ಕೂರಿಸಿದರು. ಪರ 119, ವಿರೋಧ ಸೊನ್ನೆ. ಸದನದ ಒಟ್ಟು ಬಲ 577. ಉಳಿದವರು ಎಲ್ಲಿದ್ದರೋ! ಜನಾಂಗದ ಹಾಗೆ ಅವರೂ ಅವತ್ತು ಕಣ್ಣಿಗೆ ಕಾಣಲಿಲ್ಲ.

ಮೂರು ದಿನ ಕಳೆದು ಫ್ರಾನ್ಸ್ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು. ತಂಡದಲ್ಲಿ ಆಫ್ರಿಕಾ ಮೂಲದವರು ಬಹಳ. ಅಮೆರಿಕದ ಟಿ.ವಿ.ಯಲ್ಲಿ ಹಾಸ್ಯಗಾರ ಟ್ರೆವರ್ ನೋವಾ, ಗೆದ್ದದ್ದು ಆಫ್ರಿಕಾ ಅಂತ ತಮಾಷೆ ಮಾಡಿದರು. ಅಲ್ಲಿದ್ದ ಫ್ರೆಂಚ್ ರಾಯಭಾರಿಗೆ ಸಿಟ್ಟು ಬಂತು. ನಾವು ನಮ್ಮ ಜನರನ್ನು ಹಾಗೆಲ್ಲ ವಿಂಗಡಿಸುವುದಿಲ್ಲ ಅಂತ ಪತ್ರ ಬರೆದರು. ಕಪ್ ತಂದವರಿಗೆ ಬಣ್ಣ ಇರುವುದಿಲ್ಲ, ಬಿಡಿ.

ಪದ ಕೀಳುವ ಈ ಕಸುಬು ಅವರಿಗೆ ಹೊಸದೇನಲ್ಲ. 1685ರಲ್ಲಿ 14ನೇ ಲೂಯಿ ವಸಾಹತುಗಳಿಗೆ ಅಂತ 'ಕೋಡ್ ನ್ವಾರ್' ಎಂಬ ಕಾನೂನು ತಂದ. ಅದರ 44ನೇ ವಿಧಿ ಗುಲಾಮರನ್ನು ಚರಾಸ್ತಿ ಅಂತ ಬರೆಯಿತು. ಮಂಚ, ಕುರ್ಚಿ, ಮನುಷ್ಯ, ಎಲ್ಲ ಒಂದೇ ಲೆಕ್ಕ. ಆದರೆ ಇದೆಲ್ಲ ಸಮುದ್ರದಾಚೆಯ ಸಕ್ಕರೆ ದ್ವೀಪಗಳಿಗೆ ಮಾತ್ರ. ಫ್ರಾನ್ಸಿನ ನೆಲ ಮಡಿ. ಅಲ್ಲಿ ಕಾಲಿಟ್ಟ ಗುಲಾಮ ಬಿಡುಗಡೆಯಾದ ಅಂತ ಹಳೇ ನಂಬಿಕೆ. ಯಜಮಾನರು ಗುಲಾಮರನ್ನು ಪ್ಯಾರಿಸ್ಸಿಗೆ ಕರೆತಂದರೆ ಅವರು ನೆಟ್ಟಗೆ ಕೋರ್ಟಿಗೆ ಹೋಗಿ ಬಿಡುಗಡೆ ಗೆದ್ದುಕೊಳ್ಳುತ್ತಿದ್ದರು. ಇದಕ್ಕೆ ತಡೆ ಹಾಕಲು ಅರಮನೆ ಆಜ್ಞೆ ಹೊರಡಿಸಿತು. ಅದರಲ್ಲಿ 'ಗುಲಾಮ' ಅನ್ನೋ ಮೈಲಿಗೆ ಪದ ಇತ್ತು. ಪ್ಯಾರಿಸ್ಸಿನ ದೊಡ್ಡ ಕೋರ್ಟು ಅದನ್ನು ದಾಖಲೆ ಮಾಡಿಕೊಳ್ಳಲೇ ಇಲ್ಲ, ಹಾಗಾಗಿ ಅಲ್ಲಿ ಅದು ಜಾರಿಗೂ ಬರಲಿಲ್ಲ.

1777ರಲ್ಲಿ ಮಂತ್ರಿಗಳ ತಲೆ ಓಡಿತು. 'ಗುಲಾಮ' ತೆಗೆದರು. 'ಕರಿಯರು, ಬೆರಕೆ ಬಣ್ಣದವರು' ಅಂತ ಬರೆದರು. ಮೈಲಿಗೆ ಕಳೆಯಿತು! ಕೋರ್ಟು ಖುಷಿಯಾಗಿ ದಾಖಲೆ ಮಾಡಿಕೊಂಡಿತು. ಅಲ್ಲಿಯವರೆಗೆ ನೀನು ಯಾರ ಆಳು ಅಂತ ಕೇಳಬೇಕಿತ್ತು. ಇನ್ನು ಚರ್ಮ ನೋಡಿದರೆ ಸಾಕು. ಯಾರ ಆಳೂ ಅಲ್ಲದ ಕರಿಯನಿಗೂ ಫ್ರಾನ್ಸಿನೊಳಗೆ ಪ್ರವೇಶವಿಲ್ಲ. ಹಡಗಿನಲ್ಲಿ ಬಂದವರನ್ನು ಬಂದರಿನ ಡಿಪೋದಲ್ಲಿ ಕೂಡಿ ಹಾಕಿ ವಾಪಸ್ ಸಾಗಿಸಬೇಕು ಅಂತಾಯಿತು. ಒಂದು ಪದ ಹೋದ ಜಾಗದಲ್ಲಿ ಒಂದು ಜನಾಂಗ ಹುಟ್ಟಿತು, ಅದೂ ಸರ್ಕಾರಿ ಹೆರಿಗೆ.

ವೀಕೆಂಡಿಗೆ ಬೆಂಗಳೂರಿನಿಂದ ಪಾಂಡಿಚೇರಿಗೆ ಹೋಗಿ ಹಳದಿ ಗೋಡೆ ಮುಂದೆ ಫೋಟೊ ತೆಗೆಸಿಕೊಳ್ಳುತ್ತೀರಲ್ಲ, ಸ್ವಲ್ಪ ಕಾಲ ಕೆಳಗೂ ನೋಡಿಕೊಳ್ಳಿ. 1873ರಲ್ಲಿ ಅಲ್ಲಿನ ವಕೀಲ ಪೊನ್ನುತಂಬಿ ಪಿಳ್ಳೈ ಬೂಟು ಹಾಕಿಕೊಂಡು ಕೋರ್ಟಿಗೆ ಹೋದರು. ಕರಿ ಕಾಲಿಗೆ ಬಿಳಿಯರ ಬೂಟೇ ಅಂತ ನ್ಯಾಯಾಧೀಶರು ಕೆರಳಿದರು. ಪಿಳ್ಳೈ ಪ್ಯಾರಿಸ್ಸಿನ ಮೇಲಿನ ಕೋರ್ಟಿನ ತನಕ ಹೋಗಿ ಗೆದ್ದರು. ಆಮೇಲೆ 'ಲಾಪೋರ್ಟ್' ಅಂತ ಫ್ರೆಂಚ್ ಹೆಸರನ್ನೂ ಇಟ್ಟುಕೊಂಡರು. ಹಾಗಂದರೆ ಬಾಗಿಲು.

ಫ್ರೆಂಚರ ಕೈಯಲ್ಲಿದ್ದ ಇಂಡೋಚೈನಾದಲ್ಲಂತೂ (ಈಗಿನ ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ) ನಿಜವಾಗಿಯೂ ಸುಳಿ ನೋಡಿದರು. ಅಲ್ಲಿ ಅಪ್ಪ ಯಾರು ಅಂತ ಕಾಗದದಲ್ಲಿ ಇಲ್ಲದ ಮಕ್ಕಳು ಬಹಳ. 1928ರ ಒಂದು ಆದೇಶದ ಪ್ರಕಾರ, ಆ ಅಪ್ಪ 'ಫ್ರೆಂಚ್ ಜನಾಂಗ'ದವನೇ ಇರಬೇಕು ಅಂತ ಕೋರ್ಟಿಗೆ ಅನ್ನಿಸಿದರೆ ಮಗು ಫ್ರೆಂಚ್ ಪ್ರಜೆ. ಅನ್ನಿಸುವುದು ಹೇಗೆ? ಮಗುವಿನ ಹೆಸರು, ಓದು, ಬೆಳೆದ ರೀತಿ ನೋಡಬೇಕು. ಸಾಲದಿದ್ದರೆ ಡಾಕ್ಟರ ಸರ್ಟಿಫಿಕೇಟು. ಅಪ್ಪನನ್ನು ಹುಡುಕುವುದು ಬಿಟ್ಟು ಮಗುವಿನ ಮುಖ ಅಳೆಯಲು ಕೂತರು.

ಇಷ್ಟೆಲ್ಲ ಅಳೆದು ಸುಸ್ತಾಗಿಯೋ ಏನೋ, ಈಗ ಅಳೆಯುವುದೇ ಬೇಡ ಅನ್ನುತ್ತಿದ್ದಾರೆ. ಜನಗಣತಿಯಲ್ಲಿ ಜನಾಂಗದ ಕಾಲಂ ಇಲ್ಲ. ಹಾಗೆ ಲೆಕ್ಕ ಹಾಕುವುದು ಮೊದಲ ವಿಧಿಗೆ ವಿರುದ್ಧ ಅಂತ 2007ರಲ್ಲಿ ಅವರ ಸಂವಿಧಾನ ಮಂಡಳಿ ಹೇಳಿತು. ಪೊಲೀಸರ ಕಣ್ಣು ಮಾತ್ರ ಬಹಳ ಚುರುಕು. ಹಕ್ಕುಗಳನ್ನು ಕಾಯಲು ಇರುವ ಸರ್ಕಾರಿ ಸಂಸ್ಥೆಯೊಂದು 5,000ಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ನೀವು ಯಾವ ಜನಾಂಗ ಅಂತ ನೇರವಾಗಿ ಕೇಳುವ ಹಾಗಿಲ್ಲ. ಬೇರೆಯವರ ಕಣ್ಣಿಗೆ ನೀವು ಯಾರ ಹಾಗೆ ಕಾಣುತ್ತೀರಿ ಅಂತ ಸುತ್ತು ಹಾಕಿ ಕೇಳಿದರು. 2017ರಲ್ಲಿ ಬಂದ ಉತ್ತರ: ಕರಿಯರಂತೆ ಅಥವಾ ಅರಬರಂತೆ ಕಾಣುವ ಹುಡುಗರನ್ನು ರಸ್ತೆಯಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳುವ ಸಂಭವ ಉಳಿದವರಿಗಿಂತ 20 ಪಟ್ಟು ಜಾಸ್ತಿ. ಇಲ್ಲದ ಜನಾಂಗವನ್ನು ಇಷ್ಟು ಕರಾರುವಾಕ್ಕಾಗಿ ಗುರುತು ಹಿಡಿಯುವುದು ಸಾಮಾನ್ಯ ಪ್ರತಿಭೆಯಲ್ಲ ಅಲ್ವಾ?

2023ರ ಅಕ್ಟೋಬರಿನಲ್ಲಿ ಈ ದೂರಿನ ಮೇಲೆ ಅಲ್ಲಿನ ಆಡಳಿತದ ಅತ್ಯುನ್ನತ ನ್ಯಾಯಾಲಯದ ತೀರ್ಪು ಬಂತು. ಹೌದು, ಮುಖ ನೋಡಿ ತಡೆಯುವುದು ನಡೆಯುತ್ತಿದೆ, ಅಲ್ಲೊಂದು ಇಲ್ಲೊಂದು ಅಲ್ಲ ಅಂತ ನ್ಯಾಯಾಧೀಶರು ಒಪ್ಪಿದರು. ಆದರೆ ಇದನ್ನು ಸರಿಪಡಿಸಲು ಸರ್ಕಾರದ ನೀತಿಯನ್ನೇ ಬದಲಿಸಬೇಕು, ಅದು ನಮ್ಮ ಕೆಲಸವಲ್ಲ ಅಂದರು. ಡಾಕ್ಟರು ರೋಗ ಇದೆ ಅಂತ ಖಚಿತ ಮಾಡಿ, ಚೀಟಿ ಬರೆಯದೆ ಎದ್ದು ಹೋದಂತಾಯಿತು.

ಅಂದಹಾಗೆ, ಆ 119 ಮತಗಳ ಕಥೆ. ಅದೇ ತಿಂಗಳು ಅಧ್ಯಕ್ಷರ ಭದ್ರತಾ ಸಹಾಯಕನೊಬ್ಬ ಮೇ ದಿನದ ಪ್ರತಿಭಟನೆಯಲ್ಲಿ ಒಬ್ಬನಿಗೆ ಹೊಡೆದ ವಿಡಿಯೊ ಹೊರಬಂತು. ಸದನದಲ್ಲಿ ಗಲಾಟೆಯೋ ಗಲಾಟೆ. ಸಂವಿಧಾನ ತಿದ್ದುಪಡಿ ಅರ್ಧಕ್ಕೇ ನಿಂತಿತು. ಆಚೆ ಅಟ್ಟಿದ ರಾಸು ಸಂಜೆ ಹೊತ್ತಿಗೆ ತಾನಾಗಿಯೇ ವಾಪಸ್ ಬಂದು, ಮೊದಲ ವಿಧಿಯ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಾ ನಿಂತಿದೆ.